ನೀರಿನ ಲಾರಿ ಓಡಿಸುತ್ತಿದ್ದ ಅಕ್ಕ

ತಾನು ಮಾಡದ ತಪ್ಪನ್ನು ಅಕ್ಕ ಎಲ್ಲರೆದುರು ತನ್ನ ಮೇಲೆ ಹಾಕಿಕೊಂಡಾಗ ನಾನು ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿದ್ದೆ. ನಡುವೆ ಒಂದು ಬಾಗಿಲು, ಅದೂ ಅರ್ಧ ತೆರೆದಿತ್ತು. ನನ್ನ ಕೈಯಲ್ಲಿ ಸೌಟು ಇತ್ತು. ಆಚೆ ಕೂತವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಾದರೂ ನನಗೆ ತಿಳಿಯಬೇಕಾದಷ್ಟು ತಿಳಿಯುತ್ತಿತ್ತು. ಗೇಟಿಗೆ ಬಿಳಿ ಟವೆಲು ಕಟ್ಟಿದವರು ಯಾರು ಎಂದು ಕೇಳಿದರು. "ನಾನು," ಅಂದಳು ಅಕ್ಕ. ಕಟ್ಟಿದವನು ನಾನು. ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಉಪ್ಪಿಟ್ಟು ತಳ ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ತಿರುವುತ್ತ ನಿಂತೆ.

ಅಕ್ಕ ತೀರಿಕೊಂಡು ಐದು ತಿಂಗಳಾಯಿತು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಖಾನಾವಳಿಯಲ್ಲಿ ಒಲೆಯ ಮುಂದೆ ಬೆಳೆದವನು. ಅವಳ ಬಗ್ಗೆ ಓದು ಬರಹ ಬಲ್ಲವರು ಯಾರಾದರೂ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಈ ಟವೆಲಿನ ಮಾತನ್ನು ನಾನೇ ಬರೆಯಬೇಕು.

ಅಕ್ಕ ಮದುವೆಯಾಗಿ ಈ ದೇಶಕ್ಕೆ ಬಂದವಳು. ಭಾವ ಸಾಂಟಾ ಕ್ಲಾರಾದಲ್ಲಿ ಚಿಪ್ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರು, ಅಕ್ಕ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಭಾವನಿಗೆ ಗದ್ದಲ ಆಗುತ್ತಿರಲಿಲ್ಲ. ಹಾಗಾಗಿ ಕೊಲ್ಲಿ ಕಡೆಯ ಊರುಗಳನ್ನು ಬಿಟ್ಟು, ಬೆಟ್ಟ ಹತ್ತಿ ಇಳಿದರೆ ಸಮುದ್ರ ಸಿಗುವ ಹಿಂಬದಿಯ ಕಾಡಿನಲ್ಲಿ ಮನೆ ಮಾಡಿದ್ದರು. ಅಲ್ಲಿ ಇರುವುದು ಒಂದೇ ರಸ್ತೆ. ಮನೆಯಿಂದ ಮನೆಗೆ ಕೂಗಿದರೆ ಕೇಳುವುದಿಲ್ಲ. ಸಂಬಳದ ಫೈರ್ ಸ್ಟೇಷನ್ನು ಇರುವುದು ಬೆಟ್ಟದ ಕೆಳಗೆ. ಮೇಲೆ ಇರುವುದು ಒಂದು ತಗಡಿನ ಶೆಡ್ಡು, ಅದರಲ್ಲಿ ಬೆಂಕಿ ಆರಿಸುವ ಒಂದು ಇಂಜಿನು, ಒಂದು ನೀರಿನ ಲಾರಿ. ಅವನ್ನು ನಡೆಸುವವರು ಊರಿನವರೇ. ಒಬ್ಬ ಪ್ಲಂಬರ್, ಒಬ್ಬ ಶಾಲೆ ಮಾಸ್ತರ, ಕುದುರೆಗೆ ಲಾಳ ಹೊಡೆಯುವ ಒಬ್ಬಳು, ಹೀಗೆ. ಅವರ ಚೀಫ್ ದಿನವೂ ಮಕ್ಕಳ ಶಾಲೆ ಬಸ್ಸು ಓಡಿಸುತ್ತಾನೆ. ಯಾರಿಗೂ ಸಂಬಳವಿಲ್ಲ. ಸೊಂಟದ ಪೇಜರು ಕೂಗಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು.

ಭಾವ ಸತ್ತದ್ದು ಒಂದು ಭಾನುವಾರ ಬೆಳಿಗ್ಗೆ. ಅಕ್ಕ ಹಾಲು ಕಾಯಲು ಇಟ್ಟಿದ್ದಳು. ಭಾವ ವರಾಂಡದಲ್ಲಿ ಕುಸಿದ. ಅವಳು ಫೋನು ಮಾಡಿದ ಆರೇಳು ನಿಮಿಷಕ್ಕೆ ಒಂದು ಪಿಕಪ್ ಗಾಡಿ ಬಂತು. ಇಳಿದವನು ಆ ಪ್ಲಂಬರ್. ಕೆಳಗಿನಿಂದ ಆಂಬುಲೆನ್ಸು ಬರುವವರೆಗೆ ಅವನು ಭಾವನ ಎದೆ ಒತ್ತುತ್ತಲೇ ಇದ್ದ. ಭಾವ ಉಳಿಯಲಿಲ್ಲ. ಎಲ್ಲರೂ ಹೋದರು, ಪ್ಲಂಬರ್ ಹೋಗಲಿಲ್ಲ. ಅಷ್ಟರಲ್ಲಿ ಹಾಲು ಬತ್ತಿ, ಪಾತ್ರೆ ಕರಕಾಗಿ, ಮನೆಯೆಲ್ಲ ಹೊಗೆ. ಅವನು ಒಳಗೆ ಹೋಗಿ ಒಲೆ ಆರಿಸಿ, ತಂತಿ ಬ್ರಷ್ಷು ತಗೊಂಡು ಆ ಪಾತ್ರೆಯನ್ನು ಅರ್ಧ ತಾಸು ತಿಕ್ಕಿದನಂತೆ.

"ಅಲ್ಲೀತನಕ ನನಗ ಅಳು ಬಂದಿರಲಿಲ್ಲ ನೋಡು," ಎಂದು ಅಕ್ಕ ನನಗೆ ಹೇಳಿದ್ದಳು. "ಆ ಪಾತ್ರಿ ತಿಕ್ಕೋ ಸಪ್ಪಳ ಕೇಳ್ಕೋತ ಅತ್ತೆ."

ತಿಂಗಳು ಕಳೆದ ಮೇಲೆ ಒಂದು ಡಬ್ಬಿ ಶೇಂಗಾ ಉಂಡಿ ಹಿಡಿದು ಶೆಡ್ಡಿಗೆ ಹೋದಳು. ಉಂಡಿ ಕೊಟ್ಟು ಬರಲು ಹೋದವಳು, ನನಗೂ ಏನಾದರೂ ಕೆಲಸ ಕೊಡಿ ಎಂದು ಕೇಳಿ ಬಂದಳು. ಆಗ ಅವಳಿಗೆ ಐವತ್ತೆರಡು.

ನಾನು ಬಂದದ್ದು ಅದೇ ವರ್ಷ. ನನ್ನನ್ನು ಕರೆಸಿಕೊಳ್ಳಲು ಅಕ್ಕ ಹಾಕಿದ್ದ ಅರ್ಜಿ ಮಂಜೂರಾಗುವಷ್ಟರಲ್ಲಿ ನನ್ನ ತಲೆ ನರೆತಿತ್ತು. ನನಗೆ ಹೆಂಡತಿ ಮಕ್ಕಳಿಲ್ಲ. ಅಕ್ಕನ ಮನೆಯಲ್ಲೇ ಉಳಿದೆ. ಸಾಂಟಾ ಕ್ಲಾರಾದಲ್ಲಿ ಎಲ್ ಕಮೀನೊ ರಸ್ತೆಯ ಒಂದು ತಿಂಡಿ ಅಂಗಡಿಯಲ್ಲಿ ಅಡುಗೆ ಕೆಲಸ ಸಿಕ್ಕಿತು. ಬೆಟ್ಟ ಇಳಿದು ಫ್ರೀವೇ ಹಿಡಿದು ಹೋಗುತ್ತಿದ್ದೆ, ಸಂಜೆ ಬೆಟ್ಟ ಹತ್ತಿ ಬರುತ್ತಿದ್ದೆ.

ಬೆಟ್ಟದ ಮೇಲೆ ಬೆಂಕಿ ಆರಿಸಲು ನಲ್ಲಿಗಳಿಲ್ಲ. ನೀರು ಹೊತ್ತುಕೊಂಡೇ ಹೋಗಬೇಕು. ಇಂಜಿನಿನ ಹೊಟ್ಟೆಯಲ್ಲಿರುವ ನೀರು ಕೆಲವೇ ನಿಮಿಷದ್ದು. ಆಮೇಲೆ ಅದು ಲಾರಿಯ ದಾರಿ ಕಾಯಬೇಕು. ಲಾರಿ ಬಂದು ಕ್ಯಾನ್ವಾಸಿನ ತೊಟ್ಟಿಗೆ ನೀರು ಸುರಿದು, ಕೆರೆಗೆ ಹೋಗಿ ಮತ್ತೆ ತುಂಬಿಕೊಂಡು ಬರಬೇಕು. ಆ ಲಾರಿಯನ್ನೇ ಅಕ್ಕ ಕೇಳಿ ತಗೊಂಡಳು. ಐದಡಿಯೂ ಇಲ್ಲದ ಹೆಂಗಸು. ಸೀಟಿನಲ್ಲಿ ಕೂತರೆ ಕಾಲು ಪೆಡಲಿಗೆ ಎಟಕಬೇಕು, ಕಣ್ಣು ಗಾಜಿಗೆ ಎಟಕಬೇಕು. ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ದಪ್ಪ ಕೌದಿ ಹೊಲಿದು, ಅದನ್ನು ಮಡಿಚಿ ಸೀಟಿನ ಮೇಲೂ ಬೆನ್ನಿಗೂ ಇಟ್ಟುಕೊಂಡಳು. ಸ್ಟೇಷನ್ನಿನವರಿಗೆಲ್ಲ ಕೌದಿ ಎಂಬ ಶಬ್ದ ಬಾಯಿಗೆ ಬಂತು. ಬೇರೆ ಯಾರಾದರೂ ಲಾರಿ ಹತ್ತುವಾಗ, "ಕೌದಿ ತೆಗೆದಿಡು, ಮಣ್ಣಾಗುತ್ತದೆ," ಎಂದು ಚೀಫ್ ಕೂಗುತ್ತಿದ್ದ.

ಲೈಸೆನ್ಸಿಗೆ ಓದುವಾಗ ಒಂದು ದಿನ ಪುಸ್ತಕ ಹಿಡಿದು ನಗುತ್ತ ಅಡುಗೆಮನೆಗೆ ಬಂದಳು.

"ತಮ್ಮಾ, ಇಲ್ಲಿ ಕೇಳು. ಲಾರಿ ಪೂರ್ತಿ ತುಂಬಿದ್ರ ಚಿಂತಿಲ್ಲಂತ. ಪೂರ್ತಿ ಖಾಲಿ ಇದ್ರೂ ಚಿಂತಿಲ್ಲಂತ. ಅರ್ಧ ಇದ್ರ ತಿರುವಿನ್ಯಾಗ ನೀರು ಹೊಯ್ದಾಡಿ ಗಾಡೀನ ಕೆಡವತದಂತ."

"ತುಂಬಿದ ಕೊಡ ತುಳುಕೂದಿಲ್ಲ ಅಂತ ಅವ್ವ ಅಂತಿದ್ಲಲ್ಲ."

"ಅದನ್ನ ಇವರು ಚಿತ್ರ ತಗದು, ಬಾಣದ ಗುರುತು ಹಾಕಿ, ನಾಕು ಪುಟ ಬರದಾರ!"

ಅಕ್ಕ ಹೆಚ್ಚು ಮಾತಿನವಳಲ್ಲ. ಏನಾದರೂ ಹೇಳಿದರೆ ಹೇಳಿದ್ದನ್ನು ತಿರುಗಿ ಹೇಳಿಸುತ್ತಿದ್ದಳು. ರೇಡಿಯೊದಲ್ಲಿ ಅವರು ಹಾಗೇ ಮಾಡುತ್ತಾರಂತೆ. ಕೇಳಿದವನು ಕೇಳಿದ್ದನ್ನು ಮತ್ತೆ ನುಡಿದರೆ ಮಾತ್ರ ಕೇಳಿದ ಹಾಗೆ. ನನಗೆ ಕೊತ್ತಂಬರಿ ತರಲು ಹೇಳಿದರೂ ಅಷ್ಟೇ. "ಏನು ತರ್ತಿ, ಹೇಳು?" ಎಂದು ಕೇಳಿ, ನಾನು ಒಪ್ಪಿಸಿದ ಮೇಲೆ "ಶಾಣ್ಯಾ" ಅನ್ನುತ್ತಿದ್ದಳು.

ಬೆಂಕಿಯ ಕರೆಗಿಂತ ಅವರಿಗೆ ಬೇರೆ ಕರೆಗಳೇ ಹೆಚ್ಚು ಬರುತ್ತಿದ್ದವು. ಯಾರೋ ಬಿದ್ದರು, ಯಾರಿಗೋ ಉಸಿರು ಕಟ್ಟಿತು, ಕಾರು ಗಟಾರಕ್ಕೆ ಇಳಿಯಿತು. ಅಂಥ ಮನೆಗೆ ಹೋದಾಗ ರೋಗಿಯ ಹತ್ತಿರ ಬೇರೆಯವರು ಇದ್ದರೆ ಅಕ್ಕ ನೇರವಾಗಿ ಅಡುಗೆಮನೆಗೆ ಹೋಗುತ್ತಿದ್ದಳು. ಒಲೆಯ ಮೇಲೆ ಏನಿದೆ ನೋಡುತ್ತಿದ್ದಳು. ನಾಯಿಗೆ ನೀರಿದೆಯೋ ನೋಡುತ್ತಿದ್ದಳು. ಆಂಬುಲೆನ್ಸು ಹೋದ ಮೇಲೆ ಮನೆಯಲ್ಲಿ ಉಳಿದವರ ಜೊತೆ ಒಂದು ತಾಸು ಸುಮ್ಮನೆ ಕೂತು ಬರುತ್ತಿದ್ದಳು. ಹಾಗೆ ಕೂತು ಬಂದ ದಿನ ಅವಳು ಊಟಕ್ಕೆ ಕೂತಾಗ ನಾನು ಏನೂ ಕೇಳುತ್ತಿರಲಿಲ್ಲ.

ಒಂದು ಸಲ ಗಣೇಶ ಚೌತಿಗೆ ಕೆಳಗಿನಿಂದ ನಾಲ್ಕು ಸಂಸಾರ ಬಂದಿದ್ದವು. ಅಕ್ಕನ ಮಗಳು ಬೆರ್ರಿಯೆಸಾದಲ್ಲಿರುತ್ತಾಳೆ, ಅವಳೂ ಬಂದಿದ್ದಳು. ಕರ್ಪೂರ ಹಚ್ಚಿ ಆಗಿತ್ತು. ಪೇಜರು ಕೂಗಿತು. ಅಕ್ಕ ಆರತಿ ತಟ್ಟೆ ನನ್ನ ಕೈಗಿತ್ತು, ರೇಷ್ಮೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿದ್ದ ಬೂಟು ಹಾಕಿಕೊಂಡು ಓಡಿದಳು.

"ಅಯ್ಯೋ, ಮಂಗಳಾರತಿ ಹೊತ್ತಿಗೇ ಹೋಗ್ಬಿಟ್ರಲ್ಲಾ!" ಅಂದರು ಮೈಸೂರಿನ ಕಡೆಯ ಒಬ್ಬರು. "ಮನೆಯವ್ರೇ ಇಲ್ದೆ ಹೆಂಗ್ರೀ?"

"ನಮ್ಮಕ್ಕಗ ಗಣಪತಿಗಿಂತ ವಾಹನ ದೊಡ್ಡದ್ರೀ," ಅಂದೆ ನಾನು. ಎಲ್ಲರೂ ನಕ್ಕರು. ನನಗೆ ಒಳಗೆ ಸಿಟ್ಟಿತ್ತು.

ಎರಡು ತಾಸಿನ ಮೇಲೆ ಬಂದಳು. ಸೀರೆಯ ಅಂಚಿಗೆ ಕೆಸರು. "ಒಬ್ಬಾಕಿ ಕಾರು ಗಟಾರಕ್ಕ ಇಳಿಸಿದ್ಲು. ಕಾಲು ಮುರದದ. ನಾ ಏನೂ ಮಾಡ್ಲಿಲ್ಲ, ಕೈ ಹಿಡ್ಕೊಂಡು ಕೂತಿದ್ದೆ ಅಷ್ಟ," ಅಂದಳು. ಆಗ ಆ ಮೈಸೂರಿನವರೇ ಎದ್ದು ಹೊಸದಾಗಿ ಕರ್ಪೂರ ಹಚ್ಚಿದರು. "ಬನ್ನಿ, ನಿಮಗೋಸ್ಕರ ಇನ್ನೊಂದ್ಸಲ ಮಾಡೋಣ. ಗಣಪತಿಗೇನು, ಬೇಜಾರಿಲ್ಲ," ಅಂದರು.

ನನ್ನನ್ನೂ ಸ್ಟೇಷನ್ನಿಗೆ ಸೇರಿಸಬೇಕೆಂದು ಅಕ್ಕನಿಗೆ ಆಸೆ ಇತ್ತು. ಎದೆ ಒತ್ತುವುದನ್ನು ಕಲಿಸುವ ಕ್ಲಾಸಿಗಾದರೂ ಬಾ ಅಂದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ಪರೀಕ್ಷೆ ಆಗುವುದಿಲ್ಲ ಅಂದೆ. ನಿಜ ಹೇಳಬೇಕೆಂದರೆ ನಾನು ಅಂಜುಬುರುಕ. ಅವಳು ಒತ್ತಾಯ ಮಾಡಲಿಲ್ಲ. "ಆತು, ಅಡಗಿ ಮಾಡಿ ಹಾಕು," ಅಂದಳು. ಅವರ ಶನಿವಾರದ ತರಬೇತಿಗೆ ನಾನು ಮಂಡಕ್ಕಿ ಗಿರಮಿಟ್ಟು ಕಲಸಿ ಕೊಡುತ್ತಿದ್ದೆ. ಪ್ಲಂಬರ್ ಕಣ್ಣಲ್ಲಿ ನೀರು ಸುರಿಸುತ್ತ ಎರಡು ಬಟ್ಟಲು ತಿನ್ನುತ್ತಿದ್ದ. ಮೆಣಸಿನಕಾಯಿ ಕಡಿಮೆ ಮಾಡಲೇ ಎಂದು ಕೇಳಿದರೆ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

ನಾನು ಟವೆಲು ಕಟ್ಟಿದ ಆ ಬೆಂಕಿ ಬಿದ್ದದ್ದು ಅಕ್ಕ ಸಾಯುವ ನಾಲ್ಕು ವರ್ಷ ಮೊದಲು, ಒಂದು ಸೆಪ್ಟೆಂಬರಿನಲ್ಲಿ. ಬೆಟ್ಟದ ಆಚೆ ಮಗ್ಗುಲಲ್ಲಿ ಶುರುವಾಗಿ, ಗಾಳಿ ತಿರುಗಿ, ಒಂದೇ ಬೆಳಗಿನಲ್ಲಿ ನಮ್ಮ ಕಡೆ ಬಂತು. ಅಕ್ಕ ನಸುಕಿಗೇ ಲಾರಿ ತಗೊಂಡು ಹೋಗಿದ್ದಳು. ಅಂಗಡಿಗೆ ರಜೆ, ನಾನು ಮನೆಯಲ್ಲಿದ್ದೆ. ರಸ್ತೆಯಿಂದ ಒಳಗೆ ಬರುವ ಒಂದೇ ಗೇಟಿನ ಹಿಂದೆ ಎರಡು ಮನೆ. ನಮ್ಮದೊಂದು, ಇನ್ನೊಂದು ಒಬ್ಬ ಮುದುಕನದು. ಅವನು ಬಡಗಿ, ಒಬ್ಬನೇ ಇರುತ್ತಿದ್ದ, ಕಿವಿ ಕೇಳುತ್ತಿರಲಿಲ್ಲ. ಊರು ಖಾಲಿ ಮಾಡುವಾಗ ಅಲ್ಲಿ ಒಂದು ಪದ್ಧತಿ ಇದೆ. ಹೊರಟವರು ಗೇಟಿಗೆ ಒಂದು ಬಿಳಿ ಬಟ್ಟೆ ಕಟ್ಟಿ ಹೋಗಬೇಕು. ಬಟ್ಟೆ ಕಂಡರೆ, ಒಳಗೆ ಯಾರೂ ಉಳಿದಿಲ್ಲ ಎಂದು ತಿಳಿದು ಸ್ಟೇಷನ್ನಿನವರು ಮುಂದಿನ ಗೇಟಿಗೆ ಹೋಗುತ್ತಾರೆ.

ಅಕ್ಕ ಲಾರಿಯಿಂದ ಫೋನು ಮಾಡಿದಳು.

"ಕೇಳು. ಮೊದಲ ಅಜ್ಜನ ಮನಿಗೆ ಹೋಗು. ಒಳಗ ಹೋಗಿ ಹುಡುಕು, ಕೂಗಬ್ಯಾಡ, ಅವಗ ಕೇಳೂದಿಲ್ಲ. ಕಾರಿನ್ಯಾಗ ಕೂಡಿಸ್ಕೋ. ಆಮ್ಯಾಲೆ ಗೇಟಿಗೆ ಟವೆಲಾ ಕಟ್ಟು. ಹೇಳು, ಮೊದಲ ಏನು?"

"ಮೊದಲ ಅಜ್ಜ."

"ಆಮ್ಯಾಲೆ?"

"ಆಮ್ಯಾಲೆ ಟವೆಲಾ."

"ಶಾಣ್ಯಾ."

ಹೊರಗೆ ಬಂದು ನೋಡಿದರೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕಾರಿನ ಮೇಲೆ ಬೂದಿ ಉದುರುತ್ತಿತ್ತು. ಮುದುಕನ ಮನೆಯ ತಿರುವಿನಲ್ಲಿ ನಿಲ್ಲಿಸಿದೆ. ಅವನ ಕಾರು ಇರಲಿಲ್ಲ. ಹೋಗಿರಬೇಕು ಅಂದುಕೊಂಡೆ. ಆದರೂ ಮೂರು ಸಲ ಹಾರ್ನು ಹೊಡೆದೆ. ಕಿವಿ ಕೇಳದವನಿಗೆ ಹಾರ್ನು ಹೊಡೆದೆ. ಕಾರಿನ ಇಂಜಿನು ಬಂದ್ ಮಾಡಲಿಲ್ಲ, ಬಾಗಿಲು ತೆಗೆಯಲಿಲ್ಲ, ನೆಲಕ್ಕೆ ಕಾಲು ಇಡಲಿಲ್ಲ. ಗೇಟಿನ ಹತ್ತಿರ ಮಾತ್ರ ಇಳಿದೆ. ಹೆಗಲ ಮೇಲಿನ ಟವೆಲನ್ನು ಕಂಬಿಗೆ ಎರಡು ಗಂಟು ಹಾಕಿ ಕಟ್ಟಿ ಹೊರಟುಹೋದೆ.

ಮಾಸ್ತರನೂ ಇನ್ನೊಬ್ಬನೂ ಮನೆ ಮನೆ ನೋಡುತ್ತ ನಮ್ಮ ಗೇಟಿಗೆ ಬಂದರು. ಟವೆಲು ಕಂಡು ಮುಂದೆ ಹೋದರು.

ನಾನು ಸಮುದ್ರದ ದಡದ ಊರಿನ ಶಾಲೆಯಲ್ಲಿ, ಊರು ಬಿಟ್ಟು ಬಂದವರ ನಡುವೆ ಕಾಫಿ ಕುಡಿಯುತ್ತ ಕೂತಿದ್ದೆ. ಮತ್ತೆ ಅಕ್ಕನ ಫೋನು.

"ಅಜ್ಜ ಎಲ್ಲೆದಾನ? ಸಾಲಿಯೊಳಗಿನ ಯಾದಿಯೊಳಗ ಅವನ ಹೆಸರಿಲ್ಲಂತ."

"ಅಂವ ಆಗಲೇ ಹೋಗ್ಯಾನಕ್ಕಾ. ಕಾರಿರಲಿಲ್ಲ."

"ನೀ ಒಳಗ ಹೋಗಿ ನೋಡಿದಿ?"

ನಾನು ಕಾಫಿ ಕಪ್ಪು ಕೆಳಗಿಟ್ಟೆ.

"ಕಾರು ಗ್ಯಾರೇಜಿನ್ಯಾಗ ಐತೋ ಹುಚ್ಚಾ! ನಿನ್ನೆನೇ ರಿಪೇರಿಗೆ ಬಿಟ್ಟು ಬಂದಾನ!"

ಫೋನು ಕಟ್ಟಾಯಿತು.

ಆಗ ಅವಳು ಲಾರಿ ತುಂಬ ನೀರು ತಗೊಂಡು ಮೇಲಿನ ದಿಣ್ಣೆಯ ಒಂದು ಮನೆಗೆ ಹೊರಟಿದ್ದಳು. ಅಲ್ಲಿ ಇಂಜಿನಿನವರು ಅವಳ ದಾರಿ ಕಾಯುತ್ತಿದ್ದರು. ಆ ಮನೆ ಪ್ಲಂಬರನದು. ಪೈಪು ಹಿಡಿದು ನಿಂತವನೂ ಅವನೇ. ಮುದುಕ ಒಳಗೇ ಉಳಿದಿದ್ದಾನೆ ಎಂದು ಅಕ್ಕ ರೇಡಿಯೊದಲ್ಲಿ ಹೇಳಿ, ಇಕ್ಕಟ್ಟಾದ ರಸ್ತೆಯಲ್ಲಿ ಲಾರಿ ತಿರುಗಿಸಿ ನಮ್ಮ ಗೇಟಿಗೆ ಹೋದಳು. ಮುದುಕ ಹಿಂದಿನ ಕೋಣೆಯಲ್ಲಿ ಕುರ್ಚಿಯೊಂದಕ್ಕೆ ಮರಳು ಕಾಗದ ತಿಕ್ಕುತ್ತ ಕೂತಿದ್ದ. ಕಿವಿಯ ಮಿಷನ್ನು ಮೇಜಿನ ಮೇಲಿತ್ತು. ಆಚೆ ಬೇಲಿಗೆ ಬೆಂಕಿ ಹತ್ತಿತ್ತು. ಅಕ್ಕ ಅವನ ಅಂಗಿಯ ಕಾಲರು ಹಿಡಿದು ಎಳೆದುಕೊಂಡು ಬಂದು ಲಾರಿ ಹತ್ತಿಸಿದಳು.

ಅವಳು ದಿಣ್ಣೆ ಮುಟ್ಟುವಷ್ಟರಲ್ಲಿ ಇಂಜಿನಿನ ನೀರು ಮುಗಿದು ಬಹಳ ಹೊತ್ತಾಗಿತ್ತು. ಪ್ಲಂಬರ್ ಖಾಲಿ ಪೈಪು ಹಿಡಿದುಕೊಂಡು ತನ್ನ ಮನೆಯ ಚಾವಣಿ ಬೀಳುವುದನ್ನು ನೋಡಿದ.

ಬೆಂಕಿ ಆರಿದ ಮೇಲೆ ಶೆಡ್ಡಿನಲ್ಲಿ ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುವುದು ಅವರ ರೂಢಿ. ಎಲ್ಲಿ ತಪ್ಪಾಯಿತು ಎಂದು ಮಾತಾಡುತ್ತಾರೆ. ಒಂದೇ ನಿಯಮ. ತಪ್ಪು ಮಾಡಿದವನು ತಾನೇ ಹೇಳಬೇಕು, ಬೇರೆಯವರು ಅವನ ಹೆಸರು ಎತ್ತಬಾರದು. ಅವತ್ತು ಅಷ್ಟೂ ಜನಕ್ಕೆ ಉಪ್ಪಿಟ್ಟು ಮಾಡಲು ನನ್ನನ್ನು ಶೆಡ್ಡಿನ ಅಡುಗೆಮನೆಗೆ ಕರೆದಿದ್ದರು. ಟವೆಲು ಕಟ್ಟಿದವರು ಯಾರು ಎಂದು ಚೀಫ್ ಕೇಳಿದ. ಯಾರೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆ ಎಷ್ಟು ಉದ್ದ ಇತ್ತೆಂದರೆ ನಾನು ಎರಡು ಸಲ ಉಪ್ಪಿಟ್ಟು ತಿರುವಿದೆ. ಆಗ ಅಕ್ಕನ ದನಿ ಕೇಳಿತು. ಬೆಳಿಗ್ಗೆ ಅವಸರದಲ್ಲಿ ಹೋಗುವಾಗ ತಾನೇ ಕಟ್ಟಿದೆ, ಮುದುಕನ ಮನೆ ನೋಡಲಿಲ್ಲ, ತನ್ನ ತಪ್ಪು, ಅಂದಳು. ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದು. ಕಿಟಕಿಯಲ್ಲಿ ನೋಡಿದೆ. ಪ್ಲಂಬರ್ ತನ್ನ ಗಾಡಿಯ ಕಡೆ ನಡೆದು ಹೋಗುತ್ತಿದ್ದ.

ಉಳಿದವರು ಬಂದು ಉಪ್ಪಿಟ್ಟು ಹಾಕಿಸಿಕೊಂಡರು. ಅಕ್ಕನೂ ಬಂದಳು. ತಟ್ಟೆ ಹಿಡಿದಳು. ನಾನು ಬಡಿಸಿದೆ. ಅವಳು ನನ್ನ ಮುಖ ನೋಡಲಿಲ್ಲ.

ಒಂದು ವರ್ಷ ಅವಳು ಲಾರಿ ಓಡಿಸಬಾರದೆಂದು ತೀರ್ಮಾನವಾಯಿತು. ಪೈಪು ತೊಳೆದು ಒಣಗಿಸುವ ಕೆಲಸ ಕೊಟ್ಟರು. ತಕರಾರಿಲ್ಲದೆ ಮಾಡಿದಳು. ವರ್ಷ ತುಂಬಿದ ಮೇಲೆ ಚೀಫ್ ಕೀಲಿಕೈ ತಿರುಗಿ ಕೊಡಲು ಬಂದ. ಮಾಸ್ತರನ ಕೈ ಕುದುರಿದೆ, ಅವನೇ ಓಡಿಸಲಿ, ಅಂದಳು. ಕೌದಿಯನ್ನು ಮನೆಗೆ ತಂದು ಒಗೆದು ಪೆಟ್ಟಿಗೆಯಲ್ಲಿಟ್ಟಳು.

ಯಾಕೆ ಹಾಗೆ ಹೇಳಿದಿ ಎಂದು ಒಮ್ಮೆ ಕೇಳಿದೆ.

"ಎಲ್ಲಾರೂ ಆ ಮಾಸ್ತರನ ಮುಖ ನೋಡಾಕತ್ತಿದ್ರು. ಅಂವ ನೋಡದ ಮುಂದ ಹೋದ ಅಂತ. ಅವನ ಮುಖ ಹೆಂಗಾಗಿತ್ತು, ನೀ ನೋಡಿದ್ಯೇನು?" ಆಮೇಲೆ ತಾನೇ ಅಂದಳು, "ಇಲ್ಲ. ನೀ ಒಳಗಿದ್ದಿ."

"ನಾ ಹೋಗಿ ಹೇಳ್ತೀನಕ್ಕಾ." ಈ ಮಾತನ್ನು ಆ ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಆಡಿದ್ದೇನೆ. ಬೇಡ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳುತ್ತಿದ್ದಳು.

ಬೆಟ್ಟದ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತುವುದು ವಾಡಿಕೆ. ಗುರುತು ಇರಲಿ ಬಿಡಲಿ, ಎಲ್ಲರೂ ಎತ್ತುತ್ತಾರೆ. ಪ್ಲಂಬರ್ ಅದೇ ಜಾಗದಲ್ಲಿ ಬೇರೆ ಮನೆ ಕಟ್ಟಿಕೊಂಡ. ದಾರಿಯಲ್ಲಿ ಅಕ್ಕ ಎದುರಾದರೆ ಅವನ ಬೆರಳು ಮೇಲೇಳುತ್ತಿರಲಿಲ್ಲ. ಅಕ್ಕ ಪ್ರತಿ ಸಲವೂ ಎತ್ತುತ್ತಿದ್ದಳು. ಪಕ್ಕದಲ್ಲಿ ಕೂತ ನನಗೆ ತಡೆಯಲಾಗದೆ, "ಅಂವ ಎತ್ತೂದಿಲ್ಲ, ನೀ ಯಾಕ ಎತ್ತತಿ?" ಅಂದೆ.

"ಎತ್ತೂದು ನಂದು. ಬಿಡೂದು ಅವಂದು," ಅಂದಳು.

ಹೋದ ವರ್ಷ ಅವಳಿಗೆ ಹೊಟ್ಟೆಯ ಕ್ಯಾನ್ಸರು ಎಂದು ಗೊತ್ತಾಯಿತು. ಆಸ್ಪತ್ರೆ ಬೇಡ, ಮನೆ ಸಾಕು ಅಂದಳು. ಮಗಳು ವಾರಕ್ಕೆ ಮೂರು ದಿನ ಬಂದು ಇರುತ್ತಿದ್ದಳು. ಒಂದು ಮಧ್ಯಾಹ್ನ ಮನೆಯ ನೀರಿನ ಪಂಪು ಕೆಟ್ಟಿತು. ಮಗಳು ಚೀಫ್‌ಗೆ ಫೋನು ಮಾಡಿದಳು. ಅರ್ಧ ತಾಸಿಗೆ ಮನೆಯ ಕೆಳಗಿನಿಂದ ಸ್ಪ್ಯಾನರಿನ ಸದ್ದು ಬಂತು. ಬಂದವರು ಬಾಗಿಲು ತಟ್ಟಿರಲಿಲ್ಲ.

ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. "ಅಂವನ ಬಂದಾನ. ಪಂಪಿಗೆ ಬೈಕೋತನ ರಿಪೇರಿ ಮಾಡ್ತಾನ, ಕೇಳು."

"ಒಳಗ ಕರೀಲೇನು?"

"ಬ್ಯಾಡ. ಚಹಾ ಕೊಡು ಅಷ್ಟ. ಶುಂಠಿ ಹಾಕು."

ನಾನು ಚಹಾ ತಗೊಂಡು ಹೋದೆ. ಅವನು ಕೈ ಒರೆಸಿಕೊಂಡು ಕಪ್ಪು ತಗೊಂಡ. ಹೇಗಿದ್ದಾಳೆ ಎಂದು ಕೇಳಿದ. ಚೆನ್ನಾಗಿಲ್ಲ ಅಂದೆ. ಅವನು ತಲೆ ಬಗ್ಗಿಸಿದ. ಅಲ್ಲಿ ನಾವಿಬ್ಬರೇ ಇದ್ದೆವು. ಟವೆಲಿನ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಎಷ್ಟೋ ಸಲ ಕಲಿತಿಟ್ಟುಕೊಂಡಿದ್ದೆ. ಸಕ್ಕರೆ ಸಾಕೇ ಎಂದು ಕೇಳಿದೆ. ಸಾಕು ಅಂದ. ಅವನು ಹೋದ ಮೇಲೆ ನೋಡಿದರೆ ಕಪ್ಪು ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿದ್ದ.

ಆ ತಿಂಗಳೇ ಅಕ್ಕ ಹೋದಳು.

ಹದಿಮೂರು ದಿನ ಕಳೆದ ಮೇಲಿನ ಶನಿವಾರ ಸ್ಟೇಷನ್ನಿನವರು ಅವಳಿಗಾಗಿ ಶೆಡ್ಡಿನಲ್ಲಿ ಸೇರಿದರು. ಲಾರಿಯನ್ನೂ ಇಂಜಿನನ್ನೂ ಹೊರಗೆ ನಿಲ್ಲಿಸಿ ಒಳಗೆ ಸುತ್ತಲೂ ಕುರ್ಚಿ ಹಾಕಿದ್ದರು. ಒಬ್ಬೊಬ್ಬರೂ ಅವಳ ಬಗ್ಗೆ ಒಂದು ಮಾತು ಹೇಳಬೇಕು. ಮಾತಾಡುವವರು ಮುಗಿಯಿತು ಅನ್ನುವವರೆಗೆ ಬೇರೆಯವರು ಅಡ್ಡ ಬರಬಾರದು. ಅಡುಗೆ ಇವತ್ತು ಬೇರೆಯವರು ಮಾಡಿದ್ದಾರೆ, ನೀನು ಇಲ್ಲಿ ಕೂರು ಎಂದು ಚೀಫ್ ನನಗೂ ಒಂದು ಕುರ್ಚಿ ತೋರಿಸಿದ. ಪಕ್ಕದಲ್ಲಿ ಅಕ್ಕನ ಮಗಳು. ಎದುರಿಗೆ ಪ್ಲಂಬರ್.

ಬಡಗಿ ಮುದುಕ ಕಾಲರಿನ ಕಥೆ ಹೇಳಿ ನಗಿಸಿದ. ಮಾಸ್ತರ ಬರಿ ಅತ್ತ. ಆಮೇಲೆ ಪ್ಲಂಬರನ ಸರದಿ. "ಒಳ್ಳೆಯವಳು. ಒಂದು ತಪ್ಪು ಮಾಡಿದಳು," ಎಂದಷ್ಟೇ ಹೇಳಿ ನಿಲ್ಲಿಸಿದ.

ನನ್ನ ಸರದಿ ಬಂತು. ಕಲಿತಿಟ್ಟ ಇಂಗ್ಲಿಷ್ ಒಂದೂ ನೆನಪಿಗೆ ಬರಲಿಲ್ಲ.

"ಪುಟ್ಟೀ, ನಾ ಹೇಳ್ತೀನಿ, ನೀ ಇಂಗ್ಲಿಷಿನ್ಯಾಗ ಹೇಳು. ಏನೂ ಬಿಡಬ್ಯಾಡ."

"ಓಕೆ, ಮಾಮಾ."

"ಬೆಂಕಿ ಬಿದ್ದ ದಿನ ಮನಿಯೊಳಗ ನಾ ಇದ್ದೆ. ಅಕ್ಕ ಇರಲಿಲ್ಲ."

ಹೇಳಿದಳು.

"ಅಜ್ಜನ್ನ ಕರಕೊಂಡು ಹೋಗು ಅಂತ ಅಕ್ಕ ನನಗ ಫೋನ್ ಮಾಡಿದ್ಲು. ನಾ ಅಂಜಿ ಕಾರಿಂದ ಇಳೀಲಿಲ್ಲ."

ಅವಳು ನನ್ನ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೇಳಿದಳು.

"ಟವೆಲಾ ಕಟ್ಟಿದಾಂವ ನಾ. ಅಕ್ಕ ಅಲ್ಲ."

ಅವಳು ಹೇಳಲಿಲ್ಲ. "ವೇಟ್, ಮಾಮಾ. ವಾಟ್?"

"ಹೇಳವ್ವಾ."

"ಬಟ್ ಅಮ್ಮ ಸೆಡ್ ಇಟ್ ವಾಸ್ ಹರ್. ಶಿ ಟೋಲ್ಡ್ ಮೀ ಟೂ."

"ಸುಳ್ಳು ಹೇಳಿದ್ಲು. ನಾ ಅಲ್ಲೇ ಅಡಗಿಮನಿಯೊಳಗ ಇದ್ದೆ. ಕೇಳ್ಕೋತ ಸುಮ್ನಿದ್ದೆ. ಹೇಳು."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ನಿಂತು, ಒಂದೊಂದೇ ಮಾತು ಬಿಡಿಸಿ, ಅಷ್ಟನ್ನೂ ಹೇಳಿದಳು.

ಪ್ಲಂಬರ್ ಎದ್ದ. ಶೆಡ್ಡಿನ ದೊಡ್ಡ ಬಾಗಿಲವರೆಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಹೊರಟುಹೋಗುತ್ತಾನೆ ಅಂದುಕೊಂಡೆ. ತಿರುಗಿ ಬಂದು ನನ್ನ ಎದುರು ನಿಂತ.

"ನಾಲ್ಕು ವರ್ಷ," ಅಂದ. ಅವನ ಇಂಗ್ಲಿಷ್ ಅವತ್ತು ನನಗೆ ಪೂರ್ತಿ ತಿಳಿಯಿತು. "ನಾಲ್ಕು ವರ್ಷ ನಾನು ಅವಳ ಮುಖ ನೋಡಲಿಲ್ಲ. ನೀನು ನನ್ನ ಕೈಗೆ ಚಹಾ ಕೊಟ್ಟೆ. ಅವಳು ಒಳಗೆ ಮಲಗಿದ್ದಳು. ಇನ್ನೂ ಬದುಕಿದ್ದಳು. ಆಗ ಹೇಳಿದ್ದರೆ ನಾನು ಒಳಗೆ ಹೋಗುತ್ತಿದ್ದೆ."

"ಸಾರಿ," ಅಂದೆ. ಅವನು ತಲೆಯಾಡಿಸಲಿಲ್ಲ, ಬೈಯಲೂ ಇಲ್ಲ. ತನ್ನ ಕುರ್ಚಿಗೆ ಹೋಗಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಾಸ್ತರ ಅವನ ಬೆನ್ನ ಮೇಲೆ ಕೈಯಿಟ್ಟ.

ಚೀಫ್ ನನ್ನ ಕಡೆ ತಿರುಗಿ ಕೇಳಿದ. "ನಿನ್ನ ಮಾತು ಮುಗಿಯಿತೆ?"

ಇಲ್ಲ ಅಂದೆ. ಮಗಳು ನನ್ನ ತೋಳು ಹಿಡಿದುಕೊಂಡಳು, ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದು ಕಾಯುತ್ತಿದ್ದಳು. ಮೊದಲ ಶಬ್ದ ಕೇಳುತ್ತಲೇ ಇದು ಅಲ್ಲಿ ಕೂತವರಿಗಲ್ಲ ಎಂದು ಅವಳಿಗೆ ತಿಳಿಯಿತು. ಬಾಯಿ ಮುಚ್ಚಿಕೊಂಡಳು. ಶೆಡ್ಡಿನಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ಅಕ್ಕಾ, ನಾ ಹೊರಗ ಬರ್ತೀನಿ ಅಂತ ನೀ ಅವತ್ತ ಅಷ್ಟೊತ್ತು ದಾರಿ ನೋಡಿದಿ. ನಾ ಬರಲಿಲ್ಲ. ಆಮ್ಯಾಲೆ ನಾಕು ವರ್ಷ ನೋಡಿದಿ, ಬರಲಿಲ್ಲ. ತಪ್ಪಾತು, ಅಕ್ಕಾ. ನಂದ ತಪ್ಪಾತು."